ಎಂಜಿನ್ ಬದಲಾದರೆ ಸೂಜಿಯೂ ಬದಲು

ಇಂಗ್ಲೆಂಡಿನಲ್ಲಿ 1948ರಿಂದ 1971ರವರೆಗೆ ತಯಾರಾದ ಮಾರಿಸ್ ಮೈನರ್ ಕಾರಿನ 1098 ಸಿ.ಸಿ. ಎಂಜಿನ್ ತೆಗೆದು, ಅದೇ ಮನೆತನದ 1275 ಸಿ.ಸಿ. ಎಂಜಿನ್ ಕೂರಿಸುವುದು ಅಲ್ಲಿನ ಹಳೆ ಕಾರುಪ್ರಿಯರ ರೂಢಿ. ಎಂಜಿನ್ನೇನೋ ಕೂರುತ್ತದೆ, ತಕರಾರು ತೆಗೆಯುವುದು ಎಸ್.ಯು. ಕಾರ್ಬುರೇಟರ್. ಅದರಲ್ಲಿ ಪೆಟ್ರೋಲ್ ಅಳೆದುಕೊಡುವುದು ಪಿಸ್ಟನ್ನಿಗೆ ಸಿಕ್ಕಿಸಿದ, ತುದಿಯತ್ತ ಸಪೂರವಾಗುವ ಒಂದು ಸೂಜಿ. ಗಾಳಿಯ ಸೆಳೆತ ಹೆಚ್ಚಿದಂತೆ ಸೂಜಿ ಮೇಲೇಳುತ್ತದೆ, ಜೆಟ್ಟಿನ ಸಂದು ಹಿಗ್ಗುತ್ತದೆ. ಸಣ್ಣ ಎಂಜಿನ್ನಿನ ಸೂಜಿ ದೊಡ್ಡದಕ್ಕೆ ಹೊಂದದು. ಪೆಟ್ರೋಲ್ ಸಾಲದಾದರೆ ಎಕ್ಸಾಸ್ಟ್ ವಾಲ್ವೇ ಸುಟ್ಟೀತು.

ಮೊದಲು ಇಗ್ನಿಷನ್ ಸರಿಪಡಿಸಿ, ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ತುಸುವೇ ಎತ್ತಬೇಕು. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಆರಿದರೆ ಕಡಿಮೆ. ಕ್ಷಣಕಾಲ ಏರಿ ಮರಳಿದರೆ ಸರಿ. ಆದರೆ ಇದು ನಿಂತ ಕಾರಿನ ಪರೀಕ್ಷೆ. ಏರುದಾರಿಯ ಲೆಕ್ಕವನ್ನು ಪ್ಲಗ್ಗಿನ ಬಣ್ಣವೇ ಹೇಳಬೇಕು: ಮಸಿ ಹಿಡಿದರೆ ಜಾಸ್ತಿ, ಬಿಳಿಚಿಕೊಂಡರೆ ಕಡಿಮೆ.