ನಿದ್ದೆ ಬಂದರೆ ಚಿಂತೆಯೂ ತಗ್ಗೀತು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ನಮ್ಮ ಗಾದೆ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅದು ಹೇಳುವುದು ಅರ್ಧ ಮಾತ್ರ. ಮನಸ್ಸು ಕೆಟ್ಟರೆ ನಿದ್ದೆ ಕೆಡುವಂತೆ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ.

ಖಿನ್ನತೆಯ ಜೊತೆ ಬರುವ ನಿದ್ರಾಹೀನತೆಯನ್ನು ವೈದ್ಯರು ಬಹುಕಾಲ ಖಿನ್ನತೆಯ ಲಕ್ಷಣ ಎಂದಷ್ಟೇ ಎಣಿಸಿದ್ದರು. ಮೂಲ ಕಾಯಿಲೆ ವಾಸಿಯಾದರೆ ನಿದ್ದೆ ತಾನಾಗಿ ಬರುತ್ತದೆ ಎಂಬ ನಂಬಿಕೆ. ಎಷ್ಟೋ ಜನರಲ್ಲಿ ಹಾಗಾಗಲಿಲ್ಲ. ಮನಸ್ಸು ಚೇತರಿಸಿಕೊಂಡರೂ ನಿದ್ದೆ ಮರಳಲಿಲ್ಲ. ನಿದ್ದೆ ಮರಳದವರಲ್ಲಿ ಖಿನ್ನತೆ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚಿತ್ತು. ನಿದ್ರಾಹೀನತೆಯನ್ನು ಸ್ವತಂತ್ರ ಕಾಯಿಲೆ, ಬೇರೆ ಕಾಯಿಲೆಯ ಲಕ್ಷಣ ಎಂದು ವಿಂಗಡಿಸುವ ಹಳೆಯ ಭೇದವನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಕೈಬಿಟ್ಟಿತು. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆಯ ತೊಂದರೆ ಕಾಡಿ, ಹಗಲಿನ ಬದುಕೂ ಹದಗೆಟ್ಟರೆ ಅದೇ ಒಂದು ಕಾಯಿಲೆ. ಜೊತೆಗೆ ಆತಂಕವೋ ಖಿನ್ನತೆಯೋ ಇದ್ದರೆ ಎರಡಕ್ಕೂ ಚಿಕಿತ್ಸೆ ಬೇಕು, ಒಟ್ಟೊಟ್ಟಿಗೇ ಬೇಕು.

ಹಾಸಿಗೆಯ ಲೆಕ್ಕ

ಆತಂಕದವರು ರಾತ್ರಿಯಿಡೀ ಗಡಿಯಾರ ನೋಡುತ್ತಾರೆ. ಖಿನ್ನತೆಯವರು ಏಳಲು ಮನಸ್ಸಾಗದೆ ಹಗಲಲ್ಲೂ ಮಲಗಿರುತ್ತಾರೆ. ದಿನ ಕಳೆದಂತೆ ಹಾಸಿಗೆ ಎಂದರೆ ಎಚ್ಚರವಾಗಿ ಹೊರಳಾಡುವ ಜಾಗ ಎಂದು ಮೈ ಕಲಿತುಬಿಡುತ್ತದೆ. ಈ ಕಲಿಕೆಯನ್ನು ಅಳಿಸುವುದೇ ಸಿಬಿಟಿ–ಐ ಎಂಬ ಮಾತಿನ ಚಿಕಿತ್ಸೆಯ ಕೆಲಸ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಅದರ ಮುಖ್ಯ ಹೆಜ್ಜೆ ಕೇಳಲು ವಿಚಿತ್ರ. ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುವವರೊಬ್ಬರಿಗೆ ನಿಜವಾಗಿ ನಿದ್ದೆ ಬರುವುದು ಐದೂವರೆ ಗಂಟೆ ಎನ್ನೋಣ. ಅವರು ಇನ್ನು ಹಾಸಿಗೆಯಲ್ಲಿರಬೇಕಾದ್ದೂ ಐದೂವರೆ ಗಂಟೆಯೇ: ಹನ್ನೆರಡೂವರೆಗೆ ಮಲಗಿ 6ಕ್ಕೆ ಏಳಬೇಕು, ಭಾನುವಾರವೂ. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ಕಣ್ಣು ಎಳೆದಾಗಲೇ ಮರಳಬೇಕು. ಮೊದಲ ವಾರಗಳು ಕಷ್ಟದವು. ಆದರೆ ನಿದ್ದೆಯ ಹಸಿವು ಬೆಳೆಯುತ್ತದೆ, ತುಂಡು ನಿದ್ದೆ ಕೂಡಿಕೊಳ್ಳುತ್ತದೆ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ 85ರಷ್ಟು ನಿದ್ದೆಯಾಗತೊಡಗಿದಾಗ ಅವಧಿಯನ್ನು ಕಾಲು ಗಂಟೆಯಂತೆ ಹೆಚ್ಚಿಸುತ್ತಾ ಹೋಗುತ್ತಾರೆ. ‘ಇವತ್ತೂ ನಿದ್ದೆ ಬರದಿದ್ದರೆ ನಾಳೆ ನನ್ನ ಕತೆ ಮುಗಿಯಿತು’ ಎಂಬಂಥ ಯೋಚನೆಗಳನ್ನು ಹಗಲಿನಲ್ಲೇ ಕೂತು ಪರೀಕ್ಷಿಸುವುದೂ ಚಿಕಿತ್ಸೆಯ ಭಾಗ.

ಫೋನಿನಲ್ಲಿ ಪಾಠ

ಲೆಕ್ಕ, ದಿನಚರಿ, ವಾರವಾರದ ಪಾಠ ಇವುಗಳ ಮೇಲೆ ನಿಂತ ಚಿಕಿತ್ಸೆಯಾದ್ದರಿಂದ ಅದು ಫೋನಿಗೆ, ಕಂಪ್ಯೂಟರಿಗೆ ಸುಲಭವಾಗಿ ಒಗ್ಗಿತು. ಆಸ್ಟ್ರೇಲಿಯಾದಲ್ಲಿ ನಿದ್ರಾಹೀನತೆಯ ಜೊತೆ ಖಿನ್ನತೆಯ ಲಕ್ಷಣಗಳೂ ಇದ್ದ 1,149 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ವಾರ ಆನ್‌ಲೈನ್‌ನಲ್ಲಿ ನಿದ್ದೆಯ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳೂ ತಗ್ಗಿದವು. ಆರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಅಧ್ಯಯನದಲ್ಲಿ (2017) ನಿದ್ದೆ ಸುಧಾರಿಸಿದಂತೆ ಆತಂಕ, ಖಿನ್ನತೆ ಎರಡೂ ಇಳಿದವು.

ಆದರೆ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಆರು ವಾರದ ಮೌಲ್ಯಮಾಪನ ಪೂರೈಸಿದವರು ಅರ್ಧದಷ್ಟು ಜನ ಮಾತ್ರ. ಖಿನ್ನತೆಯಲ್ಲಿ ಮೊದಲು ಬತ್ತುವುದೇ ಹುಮ್ಮಸ್ಸು. ಅದಕ್ಕೇ ಯಂತ್ರದ ಪಾಠದ ಹಿಂದೆ ವಾರಕ್ಕೊಮ್ಮೆಯಾದರೂ ‘ಹೇಗಿದ್ದೀರಿ?’ ಎಂದು ಕೇಳುವ ಮನುಷ್ಯದನಿ ಇರಬೇಕು ಎಂಬುದು ನನ್ನ ದೃಢ ನಂಬಿಕೆ.

ಎಲ್ಲರಿಗೂ ಈ ಚಿಕಿತ್ಸೆ ಸಲ್ಲದು ಎಂಬುದೂ ನೆನಪಿರಲಿ. ಬೈಪೋಲಾರ್ ಕಾಯಿಲೆ ಅಥವಾ ಮೂರ್ಛೆರೋಗ ಇರುವವರು, ವಾಹನ ಓಡಿಸಿ ದುಡಿಯುವವರು ವೈದ್ಯರನ್ನು ಕೇಳದೆ ನಿದ್ದೆಯ ಅವಧಿ ಕಡಿತ ಮಾಡಬಾರದು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದ್ದರೆ ಮೊದಲು ಅದರ ತಪಾಸಣೆಯಾಗಲಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ನಮ್ಮ ಮಾತಿನಲ್ಲಿ

ನಮ್ಮೂರುಗಳಲ್ಲಿ ‘ನನಗೆ ಖಿನ್ನತೆ’ ಎಂದು ಯಾರೂ ಸುಲಭವಾಗಿ ಹೇಳುವುದಿಲ್ಲ. ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿಯಾರು ಎಂಬ ಅಳುಕು. ‘ನಿದ್ದೆನೇ ಬರ್ತಿಲ್ಲ’ ಎನ್ನಲು ಮಾತ್ರ ಯಾರಿಗೂ ನಾಚಿಕೆಯಿಲ್ಲ. ಹಾಗಾಗಿ ನಿದ್ದೆಯ ಚಿಕಿತ್ಸೆ ನಮ್ಮಲ್ಲಿ ಮನಸ್ಸಿನ ಆರೈಕೆಗೆ ಹೆಬ್ಬಾಗಿಲಾಗಬಲ್ಲದು. ಆ ಬಾಗಿಲು ಕನ್ನಡದಲ್ಲಿ ತೆರೆಯಬೇಕು. ನಡುರಾತ್ರಿ ಕಾಡುವ ಯೋಚನೆ ಕನ್ನಡದಲ್ಲಿ ಬರುವಾಗ ಅದಕ್ಕೆ ಉತ್ತರ ಹುಡುಕುವ ಪಾಠ ಇಂಗ್ಲಿಷಿನಲ್ಲಿದ್ದರೆ ಪ್ರಯೋಜನವೇನು?

ಅದಕ್ಕೆ ನೆಲೆಯೊಂದು ಈಗಾಗಲೇ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಸಾಯುವ ಯೋಚನೆ ಬಂದಾಗಲಂತೂ ಯಾವ ಆ್ಯಪನ್ನೂ ತೆರೆಯುತ್ತಾ ಕೂರದೆ ಮೊದಲು ಈ ಸಂಖ್ಯೆಗೆ ಕರೆ ಮಾಡಬೇಕು, ಹತ್ತಿರದವರನ್ನು ಎಬ್ಬಿಸಬೇಕು.

ಮನೆಯವರಲ್ಲೂ ಒಂದು ಮಾತು. ನಿದ್ದೆಗೆಟ್ಟವರಿಗೆ ನಾವು ‘ಏನೂ ಯೋಚನೆ ಮಾಡಬೇಡ, ಕಣ್ಮುಚ್ಚಿ ಮಲಗು’ ಎನ್ನುತ್ತೇವೆ. ಅದು ಅವರ ಕೈಲಾಗಿದ್ದರೆ ಎಂದೋ ಮಲಗುತ್ತಿದ್ದರು. ಅದರ ಬದಲು ಬೆಳಗ್ಗೆ ಹೇಳಿದ ಹೊತ್ತಿಗೆ ಅವರನ್ನು ಎಬ್ಬಿಸಿ, ಒಂದು ಲೋಟ ಕಾಫಿ ಕೊಟ್ಟು, ಬಿಸಿಲಿಗೆ ನಾಲ್ಕು ಹೆಜ್ಜೆ ಜೊತೆಗೆ ನಡೆಯೋಣ.