ಊರ ಮುಂದೆ ಲೆಕ್ಕ

ವಿಜಯಪುರದ ಅರಸರ ವೈಭವವನ್ನು ಗೋಲಗುಮ್ಮಟ ಸಾರಿದರೆ, ಅವರ ದೂರದೃಷ್ಟಿಯನ್ನು ಬೇಗಂ ತಲಾಬ ಸಾರುತ್ತದೆ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ ನಿರ್ಮಾಣಗೊಂಡ ಈ ಕೆರೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಯುತ್ತಿತ್ತು. ಅದು ಲೋಕೋಪಕಾರದ ಕೆಲಸವೇ ಸರಿ. ಆದರೆ ನೀರು ಯಾವ ಓಣಿಗೆ ಮೊದಲು ಹೋಗಬೇಕು, ಬೊಕ್ಕಸದಿಂದ ಎಷ್ಟು ಹಣ ವೆಚ್ಚವಾಯಿತು ಎಂದು ಕೇಳುವ ಹಕ್ಕು ಪ್ರಜೆಗಳಿಗಿರಲಿಲ್ಲ. ಅರಸನು ಕೊಟ್ಟರೆ ಪಡೆಯುವುದು, ಕೊಡದಿದ್ದರೆ ಸಹಿಸುವುದು, ಇಷ್ಟೇ ಅವರ ಪಾಲಿಗಿತ್ತು.

ಇದಕ್ಕಿಂತ ಭಿನ್ನವಾದ ನಾಯಕತ್ವದ ಮಾದರಿಯೊಂದನ್ನು ಇದೇ ನಗರವು ಮುಂದೆ ಕಂಡಿತು. ವಚನ ಸಾಹಿತ್ಯದ ಉದ್ಧಾರಕರಾದ ಫ. ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದಾಗ 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಕಾರದ ತತ್ತ್ವದಲ್ಲಿ ಹೆಚ್ಚು ಪಾಲುಳ್ಳವನಿಗೂ ಒಂದೇ ಮತ, ಕಡಿಮೆ ಪಾಲುಳ್ಳವನಿಗೂ ಒಂದೇ ಮತ. ಮುಂದಾಳುಗಳು ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಲೆಕ್ಕಪತ್ರಗಳನ್ನು ಮಂಡಿಸಲೇಬೇಕು. ಇಲ್ಲಿ ನಾಯಕನು ದಾನಿಯಲ್ಲ; ಹತ್ತು ಜನರ ಹಣಕ್ಕೆ ಕಾವಲುಗಾರ.

ಇದೇ ತತ್ತ್ವ ಹಳ್ಳಿಯ ಆಡಳಿತಕ್ಕೂ ವಿಸ್ತರಿಸಿತು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಜಾರಿಗೆ ಬಂದ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಗೆ ಮಹತ್ವದ ಸ್ಥಾನವಿದೆ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಅದರ ಸದಸ್ಯರು. ಎರಡು ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಮೊದಲು ವಾರ್ಡುಸಭೆಯಲ್ಲಿ ಜನರು ತಮ್ಮ ಅಗತ್ಯಗಳನ್ನು ತಿಳಿಸುತ್ತಾರೆ. ಗ್ರಾಮಸಭೆಯು ಅವುಗಳಲ್ಲಿ ಮೊದಲು ಯಾವುದು, ಅನಂತರ ಯಾವುದು ಎಂದು ನಿರ್ಣಯಿಸುತ್ತದೆ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯತಿಯ ಜಮಾಖರ್ಚು ಮತ್ತು ಕಾಮಗಾರಿಗಳ ಪರಿಶೀಲನೆ ಸಾರ್ವಜನಿಕರ ಮುಂದೆಯೇ ಆಗುತ್ತದೆ. ಹೀಗೆ ಗುರಿಯನ್ನು ಜನರೊಡನೆ ಕೂಡಿ ನಿಶ್ಚಯಿಸುವುದು, ಅದು ಎಷ್ಟರಮಟ್ಟಿಗೆ ನೆರವೇರಿತೆಂದು ಜನರಿಗೇ ತಿಳಿಸುವುದು, ಇವೆರಡೂ ನಾಯಕನ ಕರ್ತವ್ಯಗಳಾದವು.

ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದು ಬರಿಯ ಕಾಯ್ದೆಯ ಮಾತಲ್ಲ. ಮಳೆ ಕೈಕೊಟ್ಟರೆ ಜೋಳದ ಹೊಲವೂ ದ್ರಾಕ್ಷಿಯ ತೋಟವೂ ಒಣಗುವ ಸೀಮೆಯಿದು. ಕೃಷ್ಣಾ ನದಿಯ ನೀರನ್ನು ಎತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಯೋಜನೆಗಳು ಬಂದ ಮೇಲೆ ಆಶೆ ಚಿಗುರಿದೆ. ಆದರೆ ತುಂಬಿದ ಕೆರೆಯೂ ಪ್ರಶ್ನೆಗಳನ್ನು ತರುತ್ತದೆ. ಕುಡಿಯಲು ಎಷ್ಟು ಉಳಿಸಬೇಕು? ದನಕರುಗಳಿಗೆ ಎಷ್ಟು? ಹೂಳು ತೆಗೆಯುವ ಹೊಣೆ ಯಾರದು? ಇಂತಹ ಪ್ರಶ್ನೆಗಳನ್ನು ನಾಲ್ಕು ಜನ ಕೋಣೆಯೊಳಗೆ ಕುಳಿತು ಬಗೆಹರಿಸಿದರೆ ಮನಸ್ತಾಪ ಬೆಳೆಯುತ್ತದೆ. ಊರೆಲ್ಲ ಕೂಡಿ ಬಗೆಹರಿಸಿದರೆ ತೀರ್ಮಾನವನ್ನು ಊರೇ ಕಾಯುತ್ತದೆ.

ಕಾಯ್ದೆಯೊಂದರಿಂದಲೇ ಇದೆಲ್ಲ ಸಾಧ್ಯವಾಗದು. ಜನರೇ ಬಾರದಿದ್ದರೆ ಸಭೆಯು ಸಹಿಯ ಪುಸ್ತಕದಲ್ಲಷ್ಟೇ ನಡೆಯುತ್ತದೆ. ದೂರದಿಂದ ನೀರು ಹೊರುವ ಮಹಿಳೆಯು ಸಭೆಯಲ್ಲಿ ಬಾಯಿ ತೆರೆಯದಿದ್ದರೆ ಊರಿನ ನಿಜವಾದ ಕಷ್ಟ ಹೊರಬೀಳುವುದಿಲ್ಲ. ಲೆಕ್ಕ ಕೇಳುವವನನ್ನು ವೈರಿಯೆಂದು ನಾಯಕನು ಭಾವಿಸಬಾರದು. ಲೆಕ್ಕ ಕೇಳುವವನೂ ಬರಿಯ ದೂಷಣೆಗಾಗಿ ಕೇಳಬಾರದು.

ಇಂದಿನ ವಿದ್ಯಾರ್ಥಿಗಳು ಹದಿನೆಂಟು ವರ್ಷ ತುಂಬಿದೊಡನೆ ಗ್ರಾಮಸಭೆಯ ಸದಸ್ಯರಾಗಬಲ್ಲವರು. ಪ್ರಶ್ನೆಯನ್ನು ವಿನಯದಿಂದ ಕೇಳುವುದನ್ನೂ, ಉತ್ತರವನ್ನು ತಾಳ್ಮೆಯಿಂದ ಆಲಿಸುವುದನ್ನೂ ಅವರು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳುವುದು ಉಚಿತ.