ಅದೇ ಹೆದ್ದಾರಿಯ ಇನ್ನೊಂದು ತುದಿ

ಹಿರಿಯೂರು, ಚಿತ್ರದುರ್ಗ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನು ನಮ್ಮ ಸೀಮೆಯ ಹಿರಿಯರು ಇವತ್ತಿಗೂ ‘ಎನ್‌ಎಚ್ ಫೋರ್’ ಎಂದೇ ಕರೆಯುತ್ತಾರೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಿಂದ ಹೊರಟು ಹಿರಿಯೂರಿನ ಹತ್ತಿರ ಈ ರಸ್ತೆ ಹಿಡಿದರೆ ಶಿರಾ, ತುಮಕೂರು, ಬೆಂಗಳೂರು, ಹೊಸೂರು, ಕೃಷ್ಣಗಿರಿ, ವೇಲೂರು, ಕಾಂಚೀಪುರ ಒಂದೊಂದಾಗಿ ಹಿಂದೆ ಸರಿಯುತ್ತವೆ. ಚೆನ್ನೈ ಇನ್ನೇನು ಬಂತು ಅನ್ನುವಾಗ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈ ಎಂಬ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ, ಅದೇ ಹೆದ್ದಾರಿಯ ಮಗ್ಗುಲಲ್ಲಿ, ಸುಮಾರು 3.7 ಕಿಲೋಮೀಟರ್ ಉದ್ದದ, 12 ತಿರುವುಗಳ ಟ್ರ್ಯಾಕ್ ಒಂದಿದೆ. ದಕ್ಷಿಣ ಭಾರತದ ಮೋಟಾರ್‌ಸೈಕಲ್ ರೇಸ್‌ಗಾರರಿಗೆ ಅದು ತವರು. ನಮ್ಮೂರಿನಿಂದ 500 ಕಿಲೋಮೀಟರ್ ಆಸುಪಾಸು.

ಈ ಟ್ರ್ಯಾಕಿನ ವಿಷಯ ನಮ್ಮ ಹುಡುಗರಿಗೆ ತಿಳಿಯಬೇಕು ಅನ್ನುವುದಕ್ಕೆ ಕಾರಣವಿದೆ. ವೇಗದ ಆಸೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿಯ ಬೈಕು. ಅದರ ಸದ್ದು ಕೇಳಿಯೇ ಯಾರ ಗಾಡಿ ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದರು. ತಯಾರಿಕೆ ನಿಂತು ಕಾಲು ಶತಮಾನ ಕಳೆದ ಮೇಲೂ ಅದನ್ನು ಹುಡುಕಿಕೊಂಡು ಬಂದು ಹೆಚ್ಚು ದುಡ್ಡು ಕೊಟ್ಟು ಒಯ್ಯುವವರಿದ್ದಾರೆ. ಆ ಆಸೆ ತೀರಿಸಿಕೊಳ್ಳಲು ಹುಡುಗರಿಗೆ ಇರುವ ಜಾಗ ಮಾತ್ರ ಹೆದ್ದಾರಿ. ಎದುರಿಗೆ ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರ್, ಪಕ್ಕದ ದಾರಿಯಿಂದ ನುಗ್ಗುವ ಕುರಿಮಂದೆ, ನಡುವೆ ರಸ್ತೆ ದಾಟುವ ಶಾಲೆ ಮಕ್ಕಳು. ವೇಗ ಎರಡು ಪಟ್ಟಾದರೆ ಬೈಕು ಹೊತ್ತೊಯ್ಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಿಡಿದು ನಿಲ್ಲಿಸಲು ಬೇಕಾದ ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹಿಗ್ಗುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ ಹೆದ್ದಾರಿಯಲ್ಲಿ ಜಾಗವೇ ಇಲ್ಲ. ಅದಕ್ಕೆಂದೇ ಕಟ್ಟಿದ ಜಾಗ ಬೇರೆ ಇದೆ.

ಆ ಜಾಗ ಕಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿ ಆಮೇಲೆ ಪಾಳುಬಿಟ್ಟ, ಚೆನ್ನೈ ಹತ್ತಿರದ ಶೋಲಾವರಂ ವಿಮಾನಪಟ್ಟಿಯ ಮೇಲೆ ಈ ಕ್ಲಬ್ ದಶಕಗಳ ಕಾಲ ರೇಸ್ ನಡೆಸಿತು. ಹುಲ್ಲಿನ ಪೆಂಡಿಗಳೇ ಅಂಚು, ಡ್ರಮ್ಮುಗಳೇ ಗುರುತು. ನೋಡಲು ಸಾವಿರಾರು ಜನ ಸೇರುತ್ತಿದ್ದರು. ಆ ಕಾಲದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಮುಂದೆ ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿತ್ತು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳನ್ನು ಬಿಚ್ಚಿ, ತಿದ್ದಿ, ಓಡಿಸಿ ಕಲಿತ ಮೆಕ್ಯಾನಿಕ್‌ಗಳ ಒಂದು ಪೀಳಿಗೆಯೇ ಕರ್ನಾಟಕದಲ್ಲಿತ್ತು. ರೇಸಿಗೆ ಸ್ವಂತ ನೆಲ ಬೇಕೆಂದು ಕ್ಲಬ್ ಜಮೀನು ಕೊಂಡು ಕಟ್ಟಿದ ಇರುಂಗಾಟ್ಟುಕೋಟೈ ಟ್ರ್ಯಾಕ್ 1990ರಲ್ಲಿ ತೆರೆಯಿತು. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಬಂದದ್ದು 2003ರಲ್ಲಿ. 1995ರ ವಿಮಾನ ಅಪಘಾತದಲ್ಲಿ ತೀರಿಕೊಂಡ ರೇಸ್ ಕಾರು ವಿನ್ಯಾಸಕಾರ ಕರಿವರ್ಧನ್ ಅವರ ಹೆಸರು ಅದಕ್ಕೆ. ಎರಡು ಕಿಲೋಮೀಟರಿಗಿಂತ ತುಸು ಉದ್ದದ ಪುಟ್ಟ ಟ್ರ್ಯಾಕ್ ಅದು. ಬೆಂಗಳೂರಿನ ರೇಸ್‌ಗಾರರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಇಂದಿಗೂ ಹೆಚ್ಚಾಗಿ ಈ ಎರಡು ಕಡೆಗೇ ಗಂಟುಮೂಟೆ ಕಟ್ಟುತ್ತಾರೆ. ಬೈಕಿನ ಹೆಸರಲ್ಲಿ ಇಷ್ಟು ಹೆಮ್ಮೆಪಡುವ ರಾಜ್ಯಕ್ಕೆ ಇದು ಕೊರತೆಯೇ ಸರಿ.

ಬ್ರಿಟನ್ನಿನಲ್ಲಿ ಇಂಥ ಮುಚ್ಚಿದ ಟ್ರ್ಯಾಕಿನ ಓಟಕ್ಕೆ ಶಾರ್ಟ್ ಸರ್ಕ್ಯೂಟ್ ರೇಸಿಂಗ್ ಎನ್ನುತ್ತಾರೆ. 1907ರಿಂದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಊರ ರಸ್ತೆಗಳ ಮೇಲೆ ನಡೆಯುವ ಟಿಟಿ ರೇಸಿನ ಇಂದಿನ ಒಂದು ಸುತ್ತು 60 ಕಿಲೋಮೀಟರ್ ಮೀರುತ್ತದೆ. ಅಲ್ಲಿ ತಪ್ಪಿದರೆ ಸಿಗುವುದು ಮನೆಯ ಗೋಡೆ, ಕಲ್ಲಿನ ಬೇಲಿ. ಮುಚ್ಚಿದ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ತಿರುವಿನಾಚೆ ಜಾರಿಬಿದ್ದವನಿಗೆ ಖಾಲಿ ಜಾಗವಿರುತ್ತದೆ, ಆಂಬುಲೆನ್ಸ್ ಇಂಜಿನ್ ಚಾಲೂ ಮಾಡಿಕೊಂಡು ನಿಂತಿರುತ್ತದೆ.

ಮಾಡದಕೆರೆಯ ಹುಡುಗನೊಬ್ಬ ಇರುಂಗಾಟ್ಟುಕೋಟೈಗೆ ಹೊರಟ ಎಂದಿಟ್ಟುಕೊಳ್ಳಿ. ವಾರವಿಡೀ ಗ್ಯಾರೇಜಿನಲ್ಲೋ ಅಡಿಕೆ ತೋಟದಲ್ಲೋ ದುಡಿಯುವವನು. ಗುರುವಾರ ರಾತ್ರಿ ಬೈಕನ್ನು ಪಿಕಪ್ ಗಾಡಿಗೆ ಹತ್ತಿಸಿ, ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗುವ ಹಾಗೆ ಹ್ಯಾಂಡಲ್ಲಿಗೆ ಎರಡೂ ಕಡೆ ಪಟ್ಟಿ ಬಿಗಿಯುತ್ತಾನೆ. ಪಟ್ಟಿ ಸಡಿಲವಾದರೆ ಶಿರಾ ಟೋಲ್ ದಾಟುವುದರೊಳಗೆ ಬೈಕು ಮಗ್ಗುಲಾಗಿರುತ್ತದೆ. ಜೊತೆಗೆ ಪೆಟ್ರೋಲ್ ಕ್ಯಾನು, ಗಾಳಿ ಅಳೆಯುವ ಗೇಜು, ಹೆಚ್ಚುವರಿ ಕ್ಲಚ್ ಮತ್ತು ಬ್ರೇಕ್ ಲಿವರ್, ಹಲ್ಲಿನ ಲೆಕ್ಕ ಬೇರೆ ಬೇರೆ ಇರುವ ಎರಡು ಮೂರು ಸ್ಪ್ರಾಕೆಟ್. ಹಿಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚಾದರೆ ತಿರುವಿನಿಂದ ಎದ್ದು ಬರುವ ಚುರುಕು ಹೆಚ್ಚುತ್ತದೆ, ನೇರ ದಾರಿಯ ಕೊನೆಯ ವೇಗ ಕಡಿಮೆಯಾಗುತ್ತದೆ. ಯಾವುದು ಬೇಕೆಂದು ಟ್ರ್ಯಾಕ್ ಹೇಳುತ್ತದೆ.

ಅಲ್ಲಿ ಮುಟ್ಟಿದ ಮೇಲೆ ಮೊದಲ ಕೆಲಸ ಕಾಗದಪತ್ರ, ಎರಡನೆಯದು ಸ್ಕ್ರುಟಿನಿ. 1971ರಿಂದ ಇರುವ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದರೆ ಎಫ್‌ಎಂಎಸ್‌ಸಿಐ, ಕೊಟ್ಟ ಸ್ಪರ್ಧಾ ಲೈಸೆನ್ಸ್ ಇಲ್ಲದವರನ್ನು ಓಟಕ್ಕೆ ಬಿಡುವುದಿಲ್ಲ. ಸ್ಕ್ರುಟಿನಿಯಲ್ಲಿ ಬೈಕಿನ ಒಂದೊಂದು ನಟ್ಟನ್ನೂ ಮುಟ್ಟಿ ನೋಡುತ್ತಾರೆ. ಕನ್ನಡಿ, ಇಂಡಿಕೇಟರ್, ಸೈಡ್ ಸ್ಟ್ಯಾಂಡ್ ಬಿಚ್ಚಿರಬೇಕು. ಇಂಜಿನ್ ಆಯಿಲ್ ಇಳಿಸುವ ಬೋಲ್ಟಿಗೆ ತೂತು ಕೊರೆದು, ಅದರೊಳಗೆ ಸಣ್ಣ ಸ್ಟೀಲ್ ತಂತಿ ಪೋಣಿಸಿ ಬಿಗಿದಿರಬೇಕು. ಕೂಲೆಂಟ್ ತೆಗೆದು ಬರೀ ನೀರು ತುಂಬಬೇಕು. ಈ ಕೊನೆಯ ಎರಡು ನಿಯಮಗಳಲ್ಲಿ ಇಡೀ ಆಟದ ಧರ್ಮವಿದೆ ಎಂದು ನನಗೆ ಅನ್ನಿಸುತ್ತದೆ. ನನ್ನ ಬೈಕಿನಿಂದ ಚೆಲ್ಲಿದ ಆಯಿಲ್ ಮೇಲೆ ಜಾರಿ ಬೀಳುವವನು ನಾನಲ್ಲ, ನನ್ನ ಹಿಂದೆ ಬರುವವನು. ಕೂಲೆಂಟ್ ಟಾರಿನ ಮೇಲೆ ಬಿದ್ದರೆ ಜಿಡ್ಡಾಗಿ ಕೂರುತ್ತದೆ, ನೀರಾದರೆ ಆರಿಹೋಗುತ್ತದೆ. ಹಿಂದೆ ಬರುವ ಅಪರಿಚಿತನ ಮೂಳೆಗಾಗಿ ನಾನು ರಾತ್ರಿ ಕೂತು ತಂತಿ ಬಿಗಿಯಬೇಕು. ಹೆದ್ದಾರಿಯಲ್ಲಿ ನಮಗೆ ಯಾರೂ ಇದನ್ನು ಕಲಿಸಿಕೊಟ್ಟಿಲ್ಲ.

ಬೈಕಿನ ನಂತರ ಮೈಮೇಲಿನದು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಒಂದೇ ತುಂಡಿನ ಚರ್ಮದ ಸೂಟು, ಬೆನ್ನೆಲುಬು ಕಾಯುವ ಗಟ್ಟಿ ಹಲಗೆ, ಮಣಿಕಟ್ಟು ದಾಟುವ ಗ್ಲೌಸ್, ಹಿಮ್ಮಡಿ ಮುಚ್ಚುವ ಬೂಟು. ಚೆನ್ನೈನ ಸೆಖೆಯಲ್ಲಿ ಇದನ್ನೆಲ್ಲ ತೊಟ್ಟು ನಿಂತರೆ ಹತ್ತು ನಿಮಿಷದಲ್ಲಿ ಬೆವರು ಬೂಟಿಗಿಳಿಯುತ್ತದೆ. ಆದರೂ ಯಾರೂ ಜಿಪ್ ಇಳಿಸುವುದಿಲ್ಲ.

ಆಮೇಲೆ ರೈಡರ್‌ಗಳ ಸಭೆ. ಅಲ್ಲಿ ಕಲಿಯುವುದು ಬಾವುಟದ ಭಾಷೆ. ಹಳದಿ ಬೀಸಿದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕುವಂತಿಲ್ಲ. ಹಳದಿಯ ಮೇಲೆ ಕೆಂಪು ಪಟ್ಟೆಯಿದ್ದರೆ ನೆಲ ಜಾರುತ್ತಿದೆ. ನೀಲಿ ಕಂಡರೆ ನಿನಗಿಂತ ವೇಗವಾಗಿ ಬರುವವನು ಬೆನ್ನ ಹಿಂದಿದ್ದಾನೆ. ಕಪ್ಪು ಬಾವುಟದ ನಡುವೆ ಕಿತ್ತಳೆ ಬಣ್ಣದ ದುಂಡು, ಜೊತೆಗೆ ನಿನ್ನ ನಂಬರ್ ಕಂಡರೆ ನಿನ್ನ ಬೈಕಿನಲ್ಲೇ ಏನೋ ಕೆಟ್ಟಿದೆ, ಟ್ರ್ಯಾಕ್ ಬಿಟ್ಟು ಇಳಿ. ಕೆಂಪು ಬಂದರೆ ಎಲ್ಲರಿಗೂ ಓಟ ನಿಂತಿತು. ಈ ಬಾವುಟ ಹಿಡಿದ ಮಾರ್ಷಲ್‌ಗಳು ದಿನವಿಡೀ ಬಿಸಿಲಿನಲ್ಲಿ ತಿರುವುಗಳ ಬದಿ ನಿಲ್ಲುತ್ತಾರೆ. ಬಿದ್ದವನ ಬಳಿಗೆ ಮೊದಲು ಓಡುವವರೂ ಅವರೇ.

ಅಭ್ಯಾಸದ ಸುತ್ತುಗಳಲ್ಲಿ ಹಳ್ಳಿಯ ಹುಡುಗನಿಗೆ ಮೊದಲ ಪಾಠ ಸಿಗುತ್ತದೆ: ನೇರ ದಾರಿಯಲ್ಲಿ ಆಕ್ಸಿಲರೇಟರ್ ತಿರುಚುವುದು ಯಾರಿಗಾದರೂ ಬರುತ್ತದೆ, ರೇಸ್ ಇರುವುದು ತಿರುವಿನಲ್ಲಿ. ಬೈಕು ನೆಟ್ಟಗಿರುವಾಗಲೇ ಬ್ರೇಕಿನ ಕೆಲಸ ಬಹುಪಾಲು ಮುಗಿಯಬೇಕು. ಎಡಕ್ಕೆ ವಾಲಿಸಬೇಕೆಂದರೆ ಎಡಗೈಯ ಹ್ಯಾಂಡಲ್ಲನ್ನೇ ಮುಂದಕ್ಕೆ ಒತ್ತಬೇಕು. ಕೇಳಿದರೆ ತಲೆಕೆಳಗು ಅನ್ನಿಸುವ ಈ ಮಾತನ್ನು ಕೈ ಒಪ್ಪಿಕೊಂಡ ದಿನ ಬೈಕು ಹಗುರಾಗುತ್ತದೆ. ಹೊರ ಅಂಚಿನಿಂದ ಒಳಗೆ ಬಂದು, ತಿರುವಿನ ಒಳಮೂಲೆ ಸವರಿ, ಮತ್ತೆ ಹೊರ ಅಂಚಿಗೆ ಹೋಗುವ ಒಂದು ಗೆರೆಯಿದೆ. ಸಾವಿರಾರು ಟೈರುಗಳು ಉಜ್ಜಿ ಆ ಗೆರೆ ಕಪ್ಪಗೆ ಹೊಳೆಯುತ್ತಿರುತ್ತದೆ. ಹೊಲದಲ್ಲಿ ಮೊದಲ ಸಾಲು ನೆಟ್ಟಗೆ ಹಿಡಿದವನಿಗೆ ಉಳಿದ ಸಾಲು ಸಲೀಸಾಗುವ ಹಾಗೆ, ತಿರುವಿಗೆ ಇಳಿಯುವ ಜಾಗ ಸರಿಯಾಗಿ ಹಿಡಿದವನಿಗೆ ಉಳಿದದ್ದೆಲ್ಲ ಕೂಡಿಬರುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ಹೊರಡುವ ದಾರಿಯ ಮೇಲಿರಬೇಕು. ಹೆದರಿ ಗೋಡೆ ನೋಡಿದವನ ಬೈಕು ಗೋಡೆಯ ಕಡೆಗೇ ಹೋಗುತ್ತದೆ.

ಕ್ವಾಲಿಫೈಯಿಂಗ್‌ನಲ್ಲಿ ಒಬ್ಬನ ಅತಿ ವೇಗದ ಒಂದು ಸುತ್ತು ರೇಸ್ ಶುರುವಿನ ಸಾಲಿನಲ್ಲಿ ಅವನ ಜಾಗ ನಿರ್ಧರಿಸುತ್ತದೆ. ಬೈಕಿಗೆ ಕಟ್ಟಿದ ಟ್ರಾನ್ಸ್‌ಪಾಂಡರ್ ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಲೆಕ್ಕ ಇಡುತ್ತದೆ. 3.7 ಕಿಲೋಮೀಟರನ್ನು ಎರಡು ನಿಮಿಷದಲ್ಲಿ ಸುತ್ತಿದರೆ ಸರಾಸರಿ ವೇಗ ಗಂಟೆಗೆ 111 ಕಿಲೋಮೀಟರ್. ಆ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಮೂರು ಮೀಟರ್. ಸುತ್ತಿಗೆ ಅಷ್ಟು ಕಳೆದುಕೊಂಡವನು ಆರು ಸುತ್ತು ಮುಗಿಯುವುದರೊಳಗೆ 18 ಮೀಟರ್ ಹಿಂದಿರುತ್ತಾನೆ. ಹವ್ಯಾಸಿಯ ರೇಸು ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಮೂರು ದಿನದ ಓಡಾಟ, ತಿಂಗಳುಗಳ ಉಳಿತಾಯ, ಎಲ್ಲವೂ ಅಷ್ಟಕ್ಕಾಗಿ. ಹನ್ನೆರಡನೆಯವನಾಗಿ ಮುಗಿಸಿದವನೂ ಬೈಕು ನಿಲ್ಲಿಸುವ ಪ್ಯಾಡಕ್‌ಗೆ ಬಂದು ಮೊದಲು ಕೇಳುವುದು ತನ್ನ ಲ್ಯಾಪ್ ಟೈಮ್. ನಿನ್ನೆಗಿಂತ ಅರ್ಧ ಸೆಕೆಂಡ್ ಇಳಿದಿದ್ದರೆ ಅವನಿಗೆ ಅದೇ ಹಬ್ಬ.

ಇಲ್ಲಿ ಒಂದು ನೋವಿನ ಸಂಗತಿ ಹೇಳಲೇಬೇಕು. ಬೆಂಗಳೂರಿನ ಶ್ರೇಯಸ್ ಹರೀಶ್ 13 ವರ್ಷದ ಹುಡುಗ. 2023ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಹೊಸಬರ ವಿಭಾಗದಲ್ಲಿ ಸಾಲಾಗಿ ಗೆಲ್ಲುತ್ತಿದ್ದ. ಆ ವರ್ಷದ ಆಗಸ್ಟ್ 5ರಂದು ಇದೇ ಟ್ರ್ಯಾಕಿನಲ್ಲಿ ರೇಸ್ ಶುರುವಾದ ಸ್ವಲ್ಪ ಹೊತ್ತಿಗೆ ಬಿದ್ದು ತೀರಿಕೊಂಡ. ಆ ವಾರಾಂತ್ಯದ ಉಳಿದ ಓಟಗಳನ್ನು ರದ್ದುಮಾಡಿದರು. ಟ್ರ್ಯಾಕ್ ಅಪಾಯವನ್ನು ಅಳಿಸುವುದಿಲ್ಲ, ಕುಗ್ಗಿಸುತ್ತದೆ ಅಷ್ಟೆ. ಮಕ್ಕಳನ್ನು ಈ ಆಟಕ್ಕೆ ಕಳಿಸುವ ತಂದೆತಾಯಿ ಇದನ್ನು ತಿಳಿದೇ ನಿರ್ಧಾರ ಮಾಡಬೇಕು. ಎಳೆಯರಿಗೆ ಯಾವ ಬೈಕು, ಎಷ್ಟು ವೇಗ, ಒಂದು ಓಟದಲ್ಲಿ ಎಷ್ಟು ಜನ ಎಂಬ ಪ್ರಶ್ನೆಗಳನ್ನು ಆಯೋಜಕರಿಗೆ ಕೇಳುವ ಹಕ್ಕು ಅವರಿಗಿದೆ, ಕೇಳಲೇಬೇಕು.

ಕನ್ನಡ ನಾಡಿನ ರೈಡರ್‌ಗಳು ಹೆಚ್ಚು ಹೆಸರು ಮಾಡಿದ್ದು ಮಣ್ಣಿನ ಮೇಲೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರ, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿಯನ್ನು ಪೂರೈಸಿದರು. ಟಾರಿನ ಟ್ರ್ಯಾಕಿನಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು, ಮೋಟಾರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರಾದರು. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಪಾಠಪುಸ್ತಕದಲ್ಲಿ ಸಿಗಬೇಕಿತ್ತು.

ಶುರು ಮಾಡುವವರಿಗೆ ಸ್ವಂತ ರೇಸ್ ಬೈಕು ಬೇಕೆಂದೇನಿಲ್ಲ. ‘ಒನ್ ಮೇಕ್’ ಎಂಬ ಪದ್ಧತಿಯಲ್ಲಿ ಕಂಪನಿಯೇ ಎಲ್ಲರಿಗೂ ಒಂದೇ ಬಗೆಯ ಬೈಕು ಕೊಡುತ್ತದೆ. ಇಂಜಿನ್ ಒಂದೇ ಆದ್ದರಿಂದ ಗೆಲುವು ಸವಾರನದು. ಹೊಸೂರಿನ ಟಿವಿಎಸ್ 1994ರಿಂದ ಇದನ್ನು ನಡೆಸುತ್ತಿದೆ, 2021ರಲ್ಲಿ ರಾಯಲ್ ಎನ್‌ಫೀಲ್ಡ್ ತನ್ನ ಕಾಂಟಿನೆಂಟಲ್ ಜಿಟಿ 650 ಬೈಕುಗಳಿಂದ ಒಂದು ಸರಣಿ ಶುರು ಮಾಡಿತು. ಅರ್ಜಿ ಹಾಕಿದವರನ್ನು ಟ್ರ್ಯಾಕಿನಲ್ಲಿ ಓಡಿಸಿ, ಟೈಮ್ ನೋಡಿ ಆರಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲು ಒಂದು ತರಬೇತಿ ಶಿಬಿರ ಮುಗಿಸಿ ಲೈಸೆನ್ಸ್ ಪಡೆಯುವುದು ಸರಿಯಾದ ಕ್ರಮ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಸೈಲೆನ್ಸರ್ ಬದಲಿಸಲು ಖರ್ಚು ಮಾಡಬೇಡಿ. ಒಳ್ಳೆಯ ಹೆಲ್ಮೆಟ್, ಆಮೇಲೆ ಬೂಟು, ಆಮೇಲೆ ಗ್ಲೌಸ್ ಕೊಳ್ಳಿ. ಅಷ್ಟೂ ಆಗದಿದ್ದರೆ ಒಂದು ವಾರಾಂತ್ಯ ಮಾರ್ಷಲ್ ಆಗಿ ದುಡಿಯಲು ಅವಕಾಶ ಕೇಳಿ. ತಿರುವಿನ ಅಂಚಿನಲ್ಲಿ ನಿಂತು ನೂರು ಬೈಕುಗಳು ಬ್ರೇಕು ಹಿಡಿಯುವ ಜಾಗವನ್ನು ನೋಡಿದವನು ಟ್ರ್ಯಾಕಿಗೆ ಇಳಿಯುವ ಮೊದಲೇ ಅರ್ಧ ಕಲಿತಿರುತ್ತಾನೆ.